ಧರ್ಮೇಂದ್ರಯ್ಯನವರ ಗರಿಕೆ

ಬಸ್ಸು ಶಾಂತಿಗ್ರಾಮ ದಾಟುವಾಗ ಪಾಲಾಕ್ಷನಿಗೆ ಇಲ್ಲೇ ಇಳಿದು, ಎದುರಿನಿಂದ ಬರುವ ಬಸ್ಸು ಹತ್ತಿ ಹಾಸನಕ್ಕೆ ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಎದ್ದು ನಿಂತೂಬಿಟ್ಟ. ಕಂಡಕ್ಟರು ತಿರುಗಿ ನೋಡಿ, ‘ಚನ್ರಾಯಪಟ್ಣ ಅಂದ್ರಲ್ಲ ಸಾ? ಇನ್ನೂ ದೂರ ಐತೆ, ಕೂತ್ಕಳಿ’ ಅಂದ. ಮುಂದಿನ ಸೀಟಿನ ಇಬ್ಬರು ಕತ್ತು ತಿರುಗಿಸಿ ನೋಡಿದರು. ಪಾಲಾಕ್ಷ ಕೂತ. ಕಿವಿ ಬಿಸಿಯಾಯಿತು. ಅರವತ್ತೊಂದು ವರ್ಷವಾಗಿ, ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತನಾದ ಮೇಲೂ, ಯಾರೋ ಕೂತ್ಕಳಿ ಅಂದರೆ ಕಿವಿ ಬಿಸಿಯಾಗುವುದು ಮಾತ್ರ ನಿಂತಿರಲಿಲ್ಲ. ತೊಡೆಯ ಮೇಲಿದ್ದ ಚೀಲದಲ್ಲಿ ಕಳೆ ತೆಗೆಯುವ ಸಣ್ಣ ಗುದ್ದಲಿ, ಭೂತಗನ್ನಡಿ, ಮಣ್ಣು ತುಂಬಿಕೊಳ್ಳಲು ನಾಲ್ಕು ಪ್ಲಾಸ್ಟಿಕ್ ಕವರು, ಹೆಂಡತಿ ಪ್ರತಿಭಾ ಸುತ್ತಿಕೊಟ್ಟ ಚಪಾತಿ. ಜೇಬಿನಲ್ಲಿ ಫೋನು. ಆ ಫೋನಿನಲ್ಲಿ ಬುಧವಾರ ಬಂದ ಒಂದು ಧ್ವನಿ. ಅದನ್ನು ಅವನು ಇದುವರೆಗೆ ಎಷ್ಟು ಸಲ ಕೇಳಿದ್ದನೋ. ಕೇಳದೆಯೂ ಈಗ ಕೇಳುತ್ತಿತ್ತು. ‘ಪಾಲಾಕ್ಷಪ್ಪನವರೇ, ನಾನು ಅನಂತಮತಿ. ಚನ್ನರಾಯಪಟ್ಟಣದ ಪಾತ್ರೆ ಅಂಗಡಿ ಧರ್ಮೇಂದ್ರಯ್ಯನವರ ಸೊಸೆ. ನಿಮಗೆ ಜ್ಞಾಪಕ ಇದೆಯೋ ಇಲ್ಲವೋ. ಕೈತೋಟದ ತರಬೇತಿಯಲ್ಲಿ ನಮ್ಮ ಮಾವನವರ ವಿಷಯ ನೀವು ಹೇಳಿದ್ದನ್ನ ಯಾರೋ ಮೊಬೈಲಿಗೆ ಕಳಿಸಿದ್ರು. ಕೇಳಿ ಕಣ್ಣಲ್ಲಿ ನೀರು ಬಂತು. ನೀವು ಹೇಳಿದ ಹಾಗೇ ಮಾಡಿದೀನಿ. ಆದ್ರೂ ಹುಲ್ಲು ಸಾಯ್ತಾ ಇದೆ. ಒಂದು ಸಲ ಬಂದು ನೋಡ್ತೀರಾ?’

ಜ್ಞಾಪಕ ಇದೆಯೋ ಇಲ್ಲವೋ ಅಂದರೆ. ಮೂವತ್ತಾರು ವರ್ಷದ ಹಿಂದೆ ಆ ಮನೆಯ ಹಿತ್ತಲ ಕೋಣೆಯಲ್ಲಿ ಅವನು ಬಾಡಿಗೆಗೆ ಇದ್ದ, ಊಟವೂ ಆ ಮನೆಯಲ್ಲೇ. ಮೊದಲ ನೇಮಕ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಿಂದ ಒಂದು ಟ್ರಂಕು, ಒಂದು ಚಾಪೆ ಹೊತ್ತುಕೊಂಡು ಬಂದಿದ್ದ ಇಪ್ಪತ್ತೈದರ ಹುಡುಗ. ಹೊರಡುವ ದಿನ ಅವ್ವ ಗುರುಸಿದ್ದಮ್ಮ, ‘ಏನ್ಲಾ ಪಾಲಾಕ್ಷ, ಬ್ಯಾರೆಯೋರ್ ಮನೆ ಊವಿನ ಗಿಡ ನೋಡಾಕೆ ಸರ್ಕಾರದೋರು ಸಂಬ್ಳ ಕೊಟ್ಟಾರಾ? ನಿಜ ಯೋಳು’ ಎಂದು ಕೇಳಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದಳು. ಬಸ್ಸಿನ ಕಿಟಕಿಯಾಚೆ ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು. ಸೆಪ್ಟೆಂಬರಿನ ಕೊನೆಯ ಬಿಸಿಲು, ಮಳೆ ಬಂದರೂ ಬಂತು ಅನ್ನುವಂಥದು. ನಿವೃತ್ತನಾದ ಮೇಲೂ ಜನ ಗಿಡ ತೋರಿಸಲು ಅವನನ್ನು ಮನೆಗೆ ಕರೆಸುತ್ತಿದ್ದರು. ಮೊನ್ನೆ ಶುಕ್ರವಾರ ಹಾಸನದ ಹೊಸ ಬಡಾವಣೆಯೊಂದರ ದೊಡ್ಡ ಮನೆಗೆ ಹೋಗಿದ್ದ. ಮನೆಯ ಯಜಮಾನ ಹುಲ್ಲುಹಾಸಿನ ಹಳದಿ ಜಾಗವನ್ನು ಚಪ್ಪಲಿ ಕಾಲಿನಿಂದ ತೋರಿಸಿದ. ಒಳಗಿನಿಂದ ಹೆಣ್ಣುದನಿ ‘ಯಾರು ಬಂದಿರೋದು?’ ಅಂದದ್ದಕ್ಕೆ ‘ಮಾಲಿ’ ಅಂದ. ಪಾಲಾಕ್ಷ ಅದನ್ನು ತಿದ್ದಲಿಲ್ಲ. ದಿನಾ ಸಂಜೆ ನೀರು ಹಾಯಿಸ್ತೀರಿ, ರಾತ್ರಿಯೆಲ್ಲಾ ತೇವ ನಿಂತು ಬೂಷ್ಟು ಹಿಡಿದಿದೆ, ಬೆಳಿಗ್ಗೆ ಹಾಯಿಸಿ, ಹುಲ್ಲನ್ನು ಇಷ್ಟು ಗಿಡ್ಡ ಕತ್ತರಿಸಬೇಡಿ ಎಂದು ಹೇಳಿ ಬಂದ. ಹೇಳಿದ್ದು ಸರಿಯಾಗಿತ್ತು. ಅವನಿಗೆ ಇದೆಲ್ಲ ಗೊತ್ತಿತ್ತು. ದಾಸವಾಳಕ್ಕೆ ಬಿಳಿ ಹಿಟ್ಟಿನ ಹುಳ ಹತ್ತಿದರೆ ಏನು, ಕರಿಬೇವಿನ ಎಲೆ ಮುದುಡಿದರೆ ಏನು, ಕುಂಡದ ಮಣ್ಣು ಗಟ್ಟಿಯಾದರೆ ಎಷ್ಟು ಮರಳು, ಎಷ್ಟು ಗೊಬ್ಬರ. ಜನ ಕೇಳುತ್ತಿದ್ದರು, ಅವನು ಹೇಳುತ್ತಿದ್ದ, ಗಿಡಗಳು ಬದುಕುತ್ತಿದ್ದವು. ಒಂದೇ ಒಂದು ಸುಳ್ಳು. ಅದನ್ನೇ ಅವನು ಎಲ್ಲ ತರಬೇತಿಗಳಲ್ಲಿ, ಎಲ್ಲ ಊರುಗಳಲ್ಲಿ, ಅತ್ಯಂತ ಚೆನ್ನಾಗಿ ಹೇಳುತ್ತಿದ್ದ.

‘ಚನ್ನರಾಯಪಟ್ಟಣದಲ್ಲಿ ಒಬ್ಬರು ಹಿರಿಯರಿದ್ದರು. ಜೈನರು. ಹುಳವನ್ನೂ ಕೊಲ್ಲಬಾರದು ಅನ್ನುವವರು. ಅವರ ಅಂಗಳದ ಗರಿಕೆಗೆ ಬೇರು ತಿನ್ನುವ ಗೊಣ್ಣೆ ಹುಳು ಬಿತ್ತು. ಬರೀ ಬೇವಿನ ಹಿಂಡಿ ಹಾಕಿ, ತಾಳ್ಮೆಯಿಂದ ಕಾದು, ಒಂದು ಹನಿ ವಿಷ ಮುಟ್ಟದೆ, ಮೂರು ತಿಂಗಳಲ್ಲಿ ಹಸಿರು ಮಾಡಿದೆವು’ ಎಂದು. ಹೊಳೆನರಸೀಪುರದಲ್ಲಿ ಹೇಳಿದ್ದ, ರಾಮನಾಥಪುರದಲ್ಲಿ ಹೇಳಿದ್ದ. ಹೆಂಗಸರು ತಲೆಯಾಡಿಸುತ್ತಿದ್ದರು. ಹೇಳಿ ಹೇಳಿ ಅದಕ್ಕೊಂದು ಲಯ ಬಂದಿತ್ತು, ಎಲ್ಲಿ ನಿಲ್ಲಿಸಿದರೆ ಜನ ಉಸಿರು ಬಿಗಿಹಿಡಿಯುತ್ತಾರೆ ಅನ್ನುವುದು ಗೊತ್ತಾಗಿತ್ತು. ಕೆಲವು ಸಲ, ಹೇಳುತ್ತಿರುವಾಗಲೇ, ಅದು ಹಾಗೇ ನಡೆದದ್ದು ಅಂತ ಅವನಿಗೇ ಅನ್ನಿಸಿಬಿಡುತ್ತಿತ್ತು.

ಚನ್ನರಾಯಪಟ್ಟಣದ ಬಸ್ ನಿಲ್ದಾಣದಿಂದ ಆ ಬೀದಿಗೆ ಕಾಲು ತಾವಾಗೇ ಹೋದವು. ಹೆಂಚಿನ ಮನೆಗಳ ಜಾಗದಲ್ಲಿ ಎರಡಂತಸ್ತಿನ ಮನೆಗಳು. ಧರ್ಮೇಂದ್ರಯ್ಯನವರ ಮನೆಗೂ ಮಹಡಿ ಬಂದಿತ್ತು, ಗೇಟು ಹೊಸದು, ಆದರೆ ಗೇಟಿನ ಒಳಗೆ ಎಡಗಡೆ ಆ ಅಂಗಳ ಇತ್ತು, ಬಾವಿಯೂ ಇತ್ತು. ಬಾವಿ ಕಂಡಕೂಡಲೇ ಪಾಲಾಕ್ಷನಿಗೆ ಅವತ್ತಿನ ಬಿಳಿಯ ಬಟ್ಟೆ ಕಣ್ಣಿಗೆ ಕಟ್ಟಿತು. ಧರ್ಮೇಂದ್ರಯ್ಯ ಹುಲ್ಲಿಗೆ ಹಾಕುವ ನೀರನ್ನೂ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿದ ಮೇಲೆ ಆ ಬಟ್ಟೆಯನ್ನು ತಿರುವಿ, ಅದಕ್ಕೆ ಅಂಟಿದ್ದನ್ನು ಒಂದು ಚೊಂಬು ನೀರಿನಿಂದ ತೊಳೆದು ಮತ್ತೆ ಬಾವಿಗೇ ಇಳಿಸುತ್ತಿದ್ದರು. ‘ಎಲ್ಲಿಂದ ಬಂದ್ವೋ ಅಲ್ಲಿಗೇ ಹೋಗ್ಲಿ, ನಮ್ಮನೆ ಹುಲ್ಲಿಗೋಸ್ಕರ ಅವು ಯಾಕೆ ಮನೆ ಬಿಡಬೇಕು’ ಅನ್ನುತ್ತಿದ್ದರು. ಮೊಣಕಾಲವರೆಗಿನ ಪಂಚೆ, ಬೋಳು ಎದೆ, ಸೊಂಟದ ಮೇಲೆ ಒಂದು ಕೈ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಅರ್ಧ ಗಂಟೆ ಬರಿಗಾಲಲ್ಲಿ ಹುಲ್ಲಿನ ಅಂಚಿನಲ್ಲಿ ನಿಲ್ಲುತ್ತಿದ್ದರು. ಹುಲ್ಲಿನ ಮೇಲೆ ಅಲ್ಲ, ಅಂಚಿನಲ್ಲಿ. ಪಾಲಾಕ್ಷನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದರು. ಮಾತಿಲ್ಲ. ಪಾತ್ರೆ ಬೀದಿಯ ತಟತಟ ಶುರುವಾಗುವ ತನಕ ಇಬ್ಬರೂ ಸುಮ್ಮನೆ ನಿಲ್ಲುವುದು. ತನ್ನ ಸ್ವಂತ ಅಪ್ಪನ ಪಕ್ಕ ಅವನು ಹಾಗೆ ಒಂದು ದಿನವೂ ನಿಂತಿರಲಿಲ್ಲ. ಅಪ್ಪನ ಪಕ್ಕ ನಿಂತರೆ ಏನಾದರೂ ಹೊರಬೇಕಿತ್ತು, ಇಲ್ಲ ಬೈಸಿಕೊಳ್ಳಬೇಕಿತ್ತು.

‘ಬನ್ನಿ ಪಾಲಾಕ್ಷಪ್ಪನವರೇ’ ಎಂದು ಅನಂತಮತಿ ಬಾಗಿಲಿಗೆ ಬಂದರು. ಐವತ್ತೆಂಟು ಇರಬಹುದು. ಅವತ್ತಿನ ಹೊಸ ಸೊಸೆ, ತಲೆ ತಗ್ಗಿಸಿ ಬಡಿಸುತ್ತಿದ್ದ ಹುಡುಗಿ, ಈಗ ಕನ್ನಡಕ, ಬಿಳಿ ಬೈತಲೆ. ‘ಕೂದಲೆಲ್ಲ ಹೋಗಿದೆ. ಆದ್ರೆ ನಡಿಗೆ ಅದೇ, ದೂರದಿಂದ್ಲೇ ಗೊತ್ತಾಯ್ತು’ ಎಂದು ನಕ್ಕರು. ಕುಡಿಯಲು ಕಷಾಯ ಕೊಟ್ಟರು. ಅವನ ಕೈಯಲ್ಲಿ ಲೋಟ ಇದ್ದ ಹಾಗೇ ಅಂಗಳಕ್ಕೆ ಕರೆದುಕೊಂಡು ಹೋದರು. ಕಾಯುವ ತಾಳ್ಮೆ ಆಕೆಗಿರಲಿಲ್ಲ.

ಹುಲ್ಲು ನಡುವೆ ನಡುವೆ ಒಣಗಿ, ಚಾಪೆ ಸುಟ್ಟ ಹಾಗಿತ್ತು. ಪಾಲಾಕ್ಷ ಬಗ್ಗಿ ಒಂದು ಹಿಡಿ ಹಿಡಿದು ಎಳೆದ. ಬೇರಿಲ್ಲದ ಹುಲ್ಲು ಸುಲಭವಾಗಿ ಕೈಗೆ ಬಂತು, ಕೆಳಗಿನ ಮಣ್ಣಿನಲ್ಲಿ ಬಿಳಿಯ ದಪ್ಪ ಹುಳ ಒಂದು, ಕಂದು ತಲೆ, ಮೈ ಬಾಗಿಸಿ ಅರ್ಧಚಂದ್ರದ ಹಾಗೆ ಮಲಗಿತ್ತು. ಇನ್ನೊಂದು ಕಡೆ ಎಳೆದ. ಅಲ್ಲಿ ಮೂರು. ಗೊಣ್ಣೆ ಹುಳು. ಮುಂಗಾರಿನ ಮೊದಲ ಮಳೆಗೆ ದುಂಬಿಗಳು ಬಂದು ಮೊಟ್ಟೆ ಇಟ್ಟು ಹೋಗುತ್ತವೆ, ಮರಿಗಳು ಮಣ್ಣಿನೊಳಗೇ ಬೇರು ತಿಂದು ಬೆಳೆಯುತ್ತವೆ, ಮೇಲೆ ಹುಲ್ಲು ಸಾಯುವ ತನಕ ಯಾರಿಗೂ ತಿಳಿಯುವುದಿಲ್ಲ. ಅವನು ಇದನ್ನು ಅಧ್ಯಾಪಕನ ದನಿಯಲ್ಲಿ ಹೇಳಿದ. ಅನಂತಮತಿ ಗೋಡೆಯ ಪಕ್ಕ ಪೇರಿಸಿದ್ದ ಖಾಲಿ ಚೀಲಗಳನ್ನು ತೋರಿಸಿದರು. ‘ಮೂರು ಮೂಟೆ ಬೇವಿನ ಹಿಂಡಿ ಹಾಕಿದೆ. ನೀವು ಹೇಳಿದ ಹಾಗೇ, ಪುಡಿ ಮಾಡಿ, ನೀರು ಚಿಮುಕಿಸಿ. ಆಗಸ್ಟಿಂದ ಹಾಕ್ತಾ ಇದೀನಿ. ನಮ್ಮ ಯಜಮಾನ್ರು ನಗ್ತಾರೆ. ದೀಪಾವಳಿ ತನಕ ನೋಡ್ತೀನಿ, ಆಮೇಲೆ ಇಡೀ ಅಂಗಳಕ್ಕೆ ಟೈಲ್ಸ್ ಹಾಕಿಸಿಬಿಡ್ತೀನಿ, ಕಾರ್ ನಿಲ್ಸೋಕ್ಕಾಗತ್ತೆ ಅಂತಾರೆ.’ ಆಕೆ ಒಂದು ಖಾಲಿ ಚೀಲವನ್ನು ಮಡಿಸಿಟ್ಟರು. ‘ನನ್ನ ಕೈಗುಣನೇ ಸರಿ ಇಲ್ವೇನೋ ಪಾಲಾಕ್ಷಪ್ಪನವರೇ. ಮಾವನವರ ಮನಸ್ಸು ಎಂಥದು, ಅವರು ಹಾಕಿದ್ರೆ ಹಿಂಡೀನೂ ಕೆಲಸ ಮಾಡ್ತು. ನಾನು ಒಂದು ಕಡೆ ಹಾಕ್ತೀನಿ, ಇನ್ನೊಂದು ಕಡೆ ಈ ಹುಳಗಳು ಸಾಯ್ಲಿ ಅಂತ ಮನಸ್ಸಲ್ಲೇ ಅಂದ್ಕೊಳ್ತೀನಿ. ಅದು ಅವಕ್ಕೆ ಗೊತ್ತಾಗತ್ತೆ ಅನ್ಸತ್ತೆ.’

ಕಷಾಯದ ಲೋಟ ಪಾಲಾಕ್ಷನ ಕೈಯಲ್ಲಿ ಬಿಸಿಯಾಗಿಯೇ ಇತ್ತು. ಇಡಲು ಜಾಗ ಹುಡುಕಿ, ಕಾಣದೆ, ಹಿಡಿದೇ ನಿಂತ. ತಪ್ಪು ನನ್ನದೇ ಅನ್ನುವ ಅದೇ ಮಾತು. ಮೂವತ್ತಾರು ವರ್ಷದ ಹಿಂದೆ, ಇದೇ ಜಾಗದಲ್ಲಿ, ಬೇರೆ ಬಾಯಿಂದ. ಅವತ್ತು ಆರು ವಾರ ಹಿಂಡಿ ಹಾಕಿ ಹಾಕಿ ಏನೂ ಆಗದೆ ಹುಲ್ಲು ಬಾವಿಕಟ್ಟೆ ತನಕ ಒಣಗಿತ್ತು. ಧರ್ಮೇಂದ್ರಯ್ಯ ಅಂಗಡಿಗೆ ಬಂದವರಿಗೆಲ್ಲ ‘ನಮ್ಮ ಪಾಲಾಕ್ಷಪ್ಪನವರಿದ್ದಾರಲ್ಲ, ಒಂದು ಜೀವ ತೆಗೀದೆ ಸರಿ ಮಾಡ್ತಾರೆ ನೋಡಿ’ ಎಂದು ಹೇಳಿಕೊಂಡಿದ್ದರು. ಬೀದಿಯ ಪಾತ್ರೆ ವ್ಯಾಪಾರಿಗಳು ಅವನು ಹಾದುಹೋದರೆ ‘ಏನ್ ಹುಲ್ಲಿನ ಡಾಕ್ಟ್ರೇ, ಪೇಷೆಂಟ್ ಎಂಗವ್ರೆ?’ ಅನ್ನುತ್ತಿದ್ದರು. ಕಚೇರಿಯಲ್ಲಿ ಮೇಲಧಿಕಾರಿ ‘ಒಂದು ಅಂಗಳ ಸರಿ ಮಾಡೋಕ್ಕಾಗದೋನು ತಾಲ್ಲೂಕು ಸರಿ ಮಾಡ್ತೀಯೇನಯ್ಯ?’ ಅಂದಿದ್ದ. ಇವು ಯಾವುವೂ ಅಷ್ಟು ಚುಚ್ಚಿರಲಿಲ್ಲ. ಬೆಳಿಗ್ಗೆ ಹುಲ್ಲಿನ ಅಂಚಿನಲ್ಲಿ ನಿಂತಾಗ ಧರ್ಮೇಂದ್ರಯ್ಯ ಅವನ ಕಡೆ ನೋಡದೆ, ‘ಆಗತ್ತೆ ಬಿಡಿ, ನೀವಿದೀರಲ್ಲ’ ಅಂದರಲ್ಲ, ಅದು. ಆ ವಾರ ಮನೆಯವರೆಲ್ಲ ಶ್ರವಣಬೆಳಗೊಳಕ್ಕೆ ಹೋದ ಮಧ್ಯಾಹ್ನ ಅವನು ಕಚೇರಿಯಿಂದ ಫೋರೇಟ್ ಹರಳಿನ ಒಂದು ಪೊಟ್ಟಣ ತಂದ. ಆಗ ಅದು ಎಲ್ಲ ಕಡೆ ಸಿಗುತ್ತಿದ್ದ ವಿಷ. ಕೊಳೆತ ಬೆಳ್ಳುಳ್ಳಿಯ ವಾಸನೆ. ವಾಸನೆ ಮುಚ್ಚಲು ಬೇವಿನ ಹಿಂಡಿಯಲ್ಲಿ ಕಲಸಿದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಸಾಲು ಸಾಲಾಗಿ ಉದುರಿಸಿ, ಬಾವಿಯಿಂದ ನೀರು ಸೇದಿ ಹಾಕಿದ. ಸೋಸಲಿಲ್ಲ.

‘ಕುಡೀರಿ, ಆರೋಗತ್ತೆ’ ಅಂದರು ಅನಂತಮತಿ.

ಮಾರನೆಯ ಬೆಳಿಗ್ಗೆ ಎಂದಿನಂತೆ ಧರ್ಮೇಂದ್ರಯ್ಯ ಅವನನ್ನು ಕರೆಯಲಿಲ್ಲ. ಅವನೇ ಎದ್ದು ಬಂದಾಗ ಅವರು ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು. ಹುಲ್ಲಿನ ಮೇಲೆಲ್ಲ ಎರೆಹುಳುಗಳು. ನೂರಾರು. ಮಣ್ಣಿನಿಂದ ಎದ್ದು ಬಂದು, ಕೆಲವು ಗಂಟುಗಂಟಾಗಿ ಹೊರಳುತ್ತಿದ್ದವು, ಬಹಳಷ್ಟು ಅಲುಗಾಡುತ್ತಿರಲಿಲ್ಲ. ಅವರು ಒಂದು ಮುತ್ತುಗದ ಎಲೆಯ ಮೇಲೆ ಒಂದೊಂದನ್ನೇ ಎತ್ತಿ ಇಟ್ಟುಕೊಳ್ಳುತ್ತಿದ್ದರು. ‘ಇದೇನಾಯ್ತು ಪಾಲಾಕ್ಷಪ್ಪನವರೇ?’ ಎಂದು ಕೇಳಿದರು. ಕೇಳಿದ್ದು ತಜ್ಞನನ್ನು. ಅವನು ಬಾಯಿ ತೆರೆಯುವಷ್ಟರಲ್ಲಿ ಅವರೇ, ‘ನಿನ್ನೆ ಹೊರಡೋ ಮುಂಚೆ ನಾನು ನಾಲ್ಕು ಕೊಡ ಜಾಸ್ತಿ ನೀರು ಹಾಕಿದೆ. ಅದಕ್ಕೇನಾ?’ ಅಂದರು. ಅವನು, ‘ನೀರು ಜಾಸ್ತಿಯಾದ್ರೆ ಉಸಿರು ಕಟ್ಟಿ ಹೀಗೆ ಮೇಲೆ ಬರ್ತಾವೆ’ ಅಂದ. ಪುಸ್ತಕದಲ್ಲಿ ಹಾಗೇ ಇದೆ. ಅದು ಸುಳ್ಳೂ ಅಲ್ಲ. ಧರ್ಮೇಂದ್ರಯ್ಯ ಮುಖವನ್ನು ಕೈಯಿಂದ ಒರೆಸಿಕೊಂಡರು, ಬೆರಳಿಗೆ ಹತ್ತಿದ್ದ ಮಣ್ಣು ಹಣೆಗೆ ಹತ್ತಿತು. ಆ ದಿನದಿಂದ ಮೂರು ದಿನ ಅವರು ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಅಂಗಡಿಗೂ ಹೋಗಲಿಲ್ಲ. ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಪಾಲಾಕ್ಷ ಆ ಮೂರು ದಿನವೂ, ಮನೆಯ ಪದ್ಧತಿಯಂತೆ ಸೂರ್ಯ ಮುಳುಗುವ ಮುಂಚೆ, ಅದೇ ಮನೆಯಲ್ಲಿ ಎಲೆಯ ಮುಂದೆ ಕೂತ. ತೊಗರಿಬೇಳೆಯ ಸಾರು, ಹೆಸರುಬೇಳೆ ಕೋಸಂಬರಿ. ಹಸಿವಾಗುತ್ತಿತ್ತು. ಹಸಿವಾಗುತ್ತಿದ್ದುದೇ ಅವನಿಗೆ ಆಶ್ಚರ್ಯ. ಡಿಸೆಂಬರಿಗೆ ಅಂಗಳ ಹಸಿರಾಯಿತು. ಧರ್ಮೇಂದ್ರಯ್ಯ ಬೀದಿಯವರನ್ನೆಲ್ಲ ಕರೆದು ತೋರಿಸಿದರು, ಅವನ ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ಅವನಿಗೆ ಎಷ್ಟೋ ವರ್ಷ ಗೊತ್ತಾಗುತ್ತಿತ್ತು, ಅಂಗಿ ತೊಡುವಾಗ.

ಅವನಿಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ‘ಹುಲ್ಲು ಚೆನ್ನಾಗಿದೆ. ನೀವು ಬಂದು ನೋಡಿಲ್ಲ’ ಎಂದು ಧರ್ಮೇಂದ್ರಯ್ಯನವರಿಂದ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಅವನು ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ಕಾರ್ಡಿನಲ್ಲೇ ಬಂತು, ಹದಿನೈದು ದಿನ ತಡವಾಗಿ. ಅವತ್ತು ಅವನಿಗೆ ಅಳು ಬರಲಿಲ್ಲ, ಹಗುರ ಅನ್ನಿಸಿತು. ಅದಾದ ವರ್ಷವೇ ಇರಬೇಕು, ಅವನು ತರಬೇತಿಯೊಂದರಲ್ಲಿ ಮೊದಲ ಸಲ ಆ ಕಥೆ ಹೇಳಿದ್ದು. ಅವರೇ ಉಳಿದಿಲ್ಲವೆಂಬ ಧೈರ್ಯಕ್ಕೋ, ಅಥವಾ ಅವರನ್ನು ಹೇಗಾದರೂ ಜೊತೆಗಿಟ್ಟುಕೊಳ್ಳುವ ಆಸೆಗೋ.

‘ನಾನೇ ಹೇಗೋ ತಪ್ಪು ಮಾಡಿದೀನಿ. ಯಾವುದು ಅಂತ ಹೇಳಿ ಸಾಕು, ತಿದ್ಕೊಳ್ತೀನಿ’ ಅನ್ನುತ್ತಿದ್ದರು ಅನಂತಮತಿ. ನೀರು ಜಾಸ್ತಿಯಾಗಿದೆ ಅನ್ನಬಹುದಿತ್ತು. ಹಿಂಡಿ ಹಳೆಯದು ಅನ್ನಬಹುದಿತ್ತು. ಮಣ್ಣು ಪರೀಕ್ಷೆ ಮಾಡಿಸೋಣ ಎಂದು ಕವರಿನಲ್ಲಿ ಮಣ್ಣು ತುಂಬಿಕೊಂಡು ಒಂದೂವರೆಯ ಬಸ್ಸಿಗೆ ಹೊರಟುಬಿಡಬಹುದಿತ್ತು. ಎಲ್ಲ ಮಾತುಗಳೂ ನಾಲಿಗೆಯ ತುದಿಗೆ ಸಿದ್ಧವಾಗಿ ಬಂದು ನಿಂತವು. ಪಾಲಾಕ್ಷ ಲೋಟವನ್ನು ನೆಲದ ಮೇಲೆ ಇಟ್ಟ.

‘ಅಮ್ಮಾವ್ರೇ, ನಿಮ್ಮ ತಪ್ಪಿಲ್ಲ. ಅವತ್ತೂ ಬೇವಿನ ಹಿಂಡಿಯಿಂದ ಹೋಗ್ಲಿಲ್ಲ.’

‘ಅಂದ್ರೆ?’

‘ನಾನು ವಿಷ ಹಾಕಿದ್ದೆ. ನೀವೆಲ್ಲ ಬೆಳಗೊಳಕ್ಕೆ ಹೋಗಿದ್ದಾಗ. ಹಿಂಡಿಯಲ್ಲಿ ಕಲಸಿ. ಆ ಎರೆಹುಳುಗಳು ಸತ್ತದ್ದು ಅದಕ್ಕೇ. ನೀರಿಗಲ್ಲ.’

ಆಕೆ ಅವನ ಮುಖವನ್ನೇ ನೋಡಿದರು. ಅರ್ಥವಾಗದವರ ಹಾಗೆ. ಆಮೇಲೆ ಅರ್ಥವಾದದ್ದು ಕಾಣಿಸಿತು, ಮೊದಲು ಕಣ್ಣಿಗೆ, ಆಮೇಲೆ ಬಾಯಿಗೆ. ಬೀದಿಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋಗುತ್ತಿದ್ದರು.

‘ಮಾವನವರಿಗೆ ಗೊತ್ತಿತ್ತಾ?’

‘ಇಲ್ಲ.’

‘ಅವರು ತಮ್ಮಿಂದ ಸತ್ವು ಅಂತ ಉಪವಾಸ ಕೂತಿದ್ರು.’

‘ಹೌದು.’

‘ಮೂರು ದಿನ. ಎಲ್ಲಾ ಗೊತ್ತಿದ್ದೂ ಮೂರು ದಿನ ನನ್ನ ಕೈಲಿ ಬಡಿಸ್ಕೊಂಡು ಉಂಡ್ರಾ ನೀವು?’

‘ಉಂಡೆ.’

ಆಕೆ ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಜೋರಾಗಿಯೇನೂ ಇರಲಿಲ್ಲ. ಪಾಲಾಕ್ಷ ಮೆಟ್ಟಿಲ ಮೇಲೆ ಕೂತ. ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದು ಅವನು ಎಲ್ಲೋ ಒಳಗೆ ಲೆಕ್ಕ ಹಾಕಿದ್ದ. ಆಗಲಿಲ್ಲ. ಒಬ್ಬರ ಎದೆಯಲ್ಲಿದ್ದ ಕಲ್ಲನ್ನು ಎತ್ತಿ ಇನ್ನೊಬ್ಬರ ಎದೆಯ ಮೇಲೆ ಇಟ್ಟಹಾಗೆ, ಅಷ್ಟೇ. ಚಪ್ಪಲಿ ಹಾಕಿಕೊಂಡ. ಗೇಟಿನ ತನಕ ಹೋದ. ಗೇಟಿನ ಚಿಲಕ ತಣ್ಣಗಿತ್ತು. ಅಲ್ಲಿಂದ ತಿರುಗಿ ನೋಡಿದಾಗ ಅಂಗಳ ಪೂರ್ತಿ ಕಂಡಿತು. ಹೋಗಿಬಿಟ್ಟರೆ ದೀಪಾವಳಿಗೆ ಇದರ ಮೇಲೆ ಟೈಲ್ಸು. ಹುಳ, ಹುಲ್ಲು, ಧರ್ಮೇಂದ್ರಯ್ಯ ನಿಂತ ಅಂಚು, ಎಲ್ಲದರ ಮೇಲೆ. ಅವನು ವಾಪಸ್ಸು ಬಂದು ಚಪ್ಪಲಿ ಬಿಟ್ಟು, ಬಾವಿಕಟ್ಟೆಯ ಪಕ್ಕ ಮಂಡಿಯೂರಿದ. ಬೇರು ಹೋದ ಹುಲ್ಲು ಅಗೆಯದೆಯೇ ಬಂತು. ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಸುರುಳಿ ಸುತ್ತಿದ, ಹಾಸಿಗೆ ಸುತ್ತಿದ ಹಾಗೆ. ಕೆಳಗೆ ಅವು ಇದ್ದವು. ಒಂದನ್ನು ಎತ್ತಿದ. ಅಂಗೈಯಲ್ಲಿ ತಣ್ಣಗೆ, ಮೆತ್ತಗೆ, ಆರು ಸಣ್ಣ ಕಾಲುಗಳಿಂದ ಅವನ ಚರ್ಮವನ್ನು ಹಿಡಿದುಕೊಂಡಿತು. ಎಷ್ಟು ಸಾವಿರ ಕೊಲ್ಲಿಸಿದ್ದನೋ, ಯಾವತ್ತೂ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡಿರಲಿಲ್ಲ. ಇಡಲು ಏನೂ ಇಲ್ಲದೆ ಪ್ಲಾಸ್ಟಿಕ್ ಕವರಿಗೆ ಹಾಕತೊಡಗಿದ.

ಎಷ್ಟು ಹೊತ್ತಾಗಿತ್ತೋ. ಪಕ್ಕದಲ್ಲಿ ಬಕೆಟ್ಟು ಇಟ್ಟ ಸದ್ದಾಯಿತು. ಬಕೆಟ್ಟಿನಲ್ಲಿ ಅರ್ಧ ಒದ್ದೆ ಮಣ್ಣು. ಅನಂತಮತಿಯ ಕಣ್ಣು ಕೆಂಪಗಿದ್ದವು. ‘ಕವರಲ್ಲಿ ಉಸಿರು ಕಟ್ಟತ್ತೆ. ಇದರಲ್ಲಿ ಹಾಕಿ’ ಅಂದರು. ಅವನ ಮುಖ ನೋಡಲಿಲ್ಲ. ನಾಲ್ಕು ಮಾರು ದೂರದಲ್ಲಿ, ಅವನಿಗೆ ಬೆನ್ನು ಮಾಡಿ ಕೂತು ಆಕೆಯೂ ಹುಲ್ಲು ಎತ್ತತೊಡಗಿದರು. ಆರಿಸಿದ್ದನ್ನು ಒಂದು ತಟ್ಟೆಯಲ್ಲಿ ತಂದು ಬಕೆಟ್ಟಿಗೆ ಹಾಕಿ, ಮತ್ತೆ ಹೋಗಿ ಕೂರುವರು. ಹನ್ನೆರಡೂವರೆಗೆ ಆಕೆಯ ಗಂಡ ವಿಮಲಕುಮಾರರು ಅಂಗಡಿಯಿಂದ ಊಟಕ್ಕೆ ಬಂದರು. ಪ್ಯಾಂಟಿನ ಮಂಡಿಯೆಲ್ಲ ಮಣ್ಣಾಗಿದ್ದ ಪಾಲಾಕ್ಷನನ್ನು ಗುರುತು ಹಿಡಿಯಲು ಅವರಿಗೆ ಒಂದು ನಿಮಿಷ ಬೇಕಾಯಿತು. ‘ಅಯ್ಯಯ್ಯೋ, ನೀವ್ಯಾಕೆ ಸಾರ್ ಮಂಡಿ ಊರಿದೀರಿ? ಹೇಳಿದ್ರೆ ಯಾರನ್ನಾದ್ರೂ ಕರೆಸ್ತಿದ್ದೆ’ ಎಂದು ಅವನ ರಟ್ಟೆ ಹಿಡಿದು ಎಬ್ಬಿಸಲು ಬಂದರು. ಅನಂತಮತಿ ತಿರುಗದೆಯೇ ಅಂದರು, ‘ಬೇಡ ಬಿಡಿ. ಅವರೇ ಮಾಡ್ಲಿ.’

ಗಂಡನಿಗೆ ಆಕೆ ಏನೂ ಹೇಳಲಿಲ್ಲ. ಅದು ಪಾಲಾಕ್ಷನಿಗೆ ಮುಂದಿನ ವಾರಗಳಲ್ಲಿ ಗೊತ್ತಾಯಿತು. ಊಟಕ್ಕೆ ಕರೆಯಲೂ ಇಲ್ಲ. ಅವನು ಬಾವಿಕಟ್ಟೆಯ ಮೇಲೆ ಕೂತು ಚಪಾತಿ ತಿಂದ. ಸಂಜೆ ಕೈ ತೊಳೆದು ಹೊರಟಾಗ ಆಕೆ, ‘ಆ ಮೂಲೆ ಉಳೀತು. ಬರೋ ಭಾನುವಾರ ಬನ್ನಿ’ ಅಂದರು. ಕೇಳಿದ ಹಾಗಿರಲಿಲ್ಲ. ಅವನು ಬಂದ. ಅದರ ಮುಂದಿನ ಭಾನುವಾರವೂ ಬಂದ. ಮಂಡಿ ಹಿಡಿದುಕೊಂಡು ಬಸ್ಸಿನಲ್ಲಿ ವಾಪಸ್ಸು ಹೋಗುತ್ತಿದ್ದ. ‘ಏನ್ರೀ ಇದು, ಚನ್ನರಾಯಪಟ್ಟಣದಲ್ಲಿ ಹೊಲ ಗಿಲ ತಗೊಂಡಿದೀರಾ?’ ಎಂದು ಪ್ರತಿಭಾ ಕೇಳಿದ್ದಕ್ಕೆ, ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಸಲ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಅವಳು ಕೇಳಿ, ಎಣ್ಣೆ ಬಿಸಿ ಮಾಡಿ ತಂದು ಮಂಡಿಗೆ ಹಚ್ಚಿದಳು. ಎರಡನೆಯ ವಾರ ಆರಿಸಿ ಮುಗಿದ ಜಾಗಕ್ಕೆ ಅವನು ಹಟ್ಟಿಗೊಬ್ಬರದ ಪುಡಿ ಹರಡಿ, ಬದುಕಿದ್ದ ಅಂಚಿನಿಂದ ಗರಿಕೆಯ ತುಂಡುಗಳನ್ನು ತಂದು ಗೇಣಿಗೊಂದರಂತೆ ನೆಟ್ಟ. ಮೂರನೆಯ ವಾರ ಅವು ಗೆಣ್ಣಿಗೆ ಗೆಣ್ಣಿಗೆ ಬೇರು ಬಿಟ್ಟು ಒಂದನ್ನೊಂದು ಮುಟ್ಟಲು ಹರಿಯುತ್ತಿದ್ದವು. ಅನಂತಮತಿ ಈಗ ಅವನಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಮಾತು ಮಾತ್ರ ಕೆಲಸದ್ದೇ. ಅಲ್ಲೊಂದಿದೆ, ಇಲ್ಲಿ ಬನ್ನಿ, ತಟ್ಟೆ ಕೊಡಿ. ಟೈಲ್ಸಿನವನು ಬಂದು ಅಳತೆ ಮಾಡಿದ ದಿನ ವಿಮಲಕುಮಾರರು ಹಸಿರಾಗುತ್ತಿದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ಗೇಟಿನಿಂದ ಬಾಗಿಲ ತನಕ ಕಾರಿನ ಅಗಲಕ್ಕೆ ಮಾತ್ರ ಸುಣ್ಣದ ಗೆರೆ ಎಳೆಸಿದರು. ‘ಅಪ್ಪ ಇದ್ದಿದ್ರೆ ಕಾರೇ ಬೀದೀಲಿ ನಿಲ್ಲಿಸ್ಬೇಕಾಗಿತ್ತು’ ಅಂದರು.

ಆರಿಸಿದ ಹುಳಗಳನ್ನು ಆಕೆ ಪ್ರತಿ ವಾರ ಒಬ್ಬರೇ ಎಲ್ಲೋ ಬಿಟ್ಟು ಬರುತ್ತಿದ್ದರು. ನಾಲ್ಕನೆಯ ಭಾನುವಾರ, ಕೊನೆಯ ಮೂಲೆ ಮುಗಿದಾಗ ಬಕೆಟ್ಟು ಭಾರವಾಗಿತ್ತು. ‘ಹಿಡ್ಕೊಳ್ಳಿ’ ಅಂದರು. ಇಬ್ಬರೂ ಬಕೆಟ್ಟಿನ ಹಿಡಿಯನ್ನು ಒಂದೊಂದು ಕಡೆ ಹಿಡಿದುಕೊಂಡು ನಡೆದರು. ಮೂರು ಬೀದಿ ದಾಟಿ ಕೆರೆಯ ಹಿಂದೆ ಯಾರೂ ಉಳದೆ ಬಿಟ್ಟ ಬೀಳು. ಬಿಸಿಲು ಇಳಿಯುತ್ತಿತ್ತು. ಆಕೆ ಮೆತ್ತನೆಯ ಮಣ್ಣು ಹುಡುಕಿ, ‘ಇಲ್ಲಿ’ ಅಂದರು. ಬಕೆಟ್ಟನ್ನು ಮೆಲ್ಲಗೆ ಬಾಗಿಸಿದರು. ಮಣ್ಣಿನ ಜೊತೆ ಬಿಳಿಯ ಹುಳಗಳು ಬಿಸಿಲಿಗೆ ಬಿದ್ದು, ಮಗ್ಗುಲಾಗಿ, ಕಾಲು ಆಡಿಸಿದವು. ಕೆರೆಯ ಕಡೆಯಿಂದ ಬೆಳ್ಳಕ್ಕಿಗಳು ಎದ್ದವು. ಒಂದು ಬಂದು ಹತ್ತಡಿ ದೂರ ಇಳಿಯಿತು, ಆಮೇಲೆ ಮೂರು, ಆಮೇಲೆ ಎಂಟು ಹತ್ತು, ಕತ್ತು ಮುಂದೆ ಚಾಚಿ, ಹೆಜ್ಜೆ ಎಣಿಸುವ ಹಾಗೆ ಹತ್ತಿರ ಬಂದವು. ಅನಂತಮತಿ ‘ಹುಶ್’ ಅಂದು ಸೆರಗು ಬೀಸಿದರು. ಪಾಲಾಕ್ಷ ಹೆಗಲ ಮೇಲಿನ ಟವೆಲು ತೆಗೆದು ಇನ್ನೊಂದು ಕಡೆ ನಿಂತು ಬೀಸಿದ. ಹಕ್ಕಿಗಳು ಹಾರಿ, ಸ್ವಲ್ಪ ದೂರ ಇಳಿದು, ಮತ್ತೆ ನಡೆದು ಬಂದವು. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು, ‘ಏನ್ ಕಾಯ್ತಾ ಇದ್ದೀರಿ ಸಾ ಅಲ್ಲಿ?’ ಎಂದು ಕೂಗಿದ.

‘ಹುಳ ಕಣಪ್ಪ’ ಎಂದು ಪಾಲಾಕ್ಷ ಕೂಗಿ ಹೇಳಿದ. ಎಮ್ಮೆಯವನು ಇನ್ನೇನಾದರೂ ಹೇಳುತ್ತಾರೋ ಎಂದು ಕಾದು, ತಲೆ ಕೊಡವಿ ಮುಂದೆ ಹೋದ.

ಅನಂತಮತಿಗೆ ನಗು ಬಂತು. ತಡೆದುಕೊಳ್ಳಲು ಹೋಗಿ ಆಗದೆ ನಕ್ಕರು. ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡು, ಹಕ್ಕಿಗಳ ಮೇಲೆ ಕಣ್ಣಿಟ್ಟೇ ಹೇಳಿದರು. ‘ಅವತ್ತು ಒಂದು ಮಾತು ಹೇಳಿದ್ದಿದ್ರೆ ಮಾವನವರು ನಿಮ್ಮನ್ನ ಬಯ್ತಿರ್ಲಿಲ್ಲ ಪಾಲಾಕ್ಷಪ್ಪನವರೇ. ಮನೆ ಬಿಡಿ ಅಂತಾನೂ ಅಂತಿರ್ಲಿಲ್ಲ. ಬನ್ನಿ, ಇಬ್ರೂ ಕೂತ್ಕೊಳ್ಳೋಣ ಅಂತ ಪಕ್ಕದಲ್ಲಿ ಜಾಗ ಮಾಡಿಕೊಡ್ತಿದ್ರು.’

ಪಾಲಾಕ್ಷನಿಗೆ ಆ ಜಾಗ ಕಂಡಿತು. ಒಳಕೋಣೆಯ ನೆಲದಲ್ಲಿ, ಗೋಡೆಗೆ ಎದುರಾಗಿ, ಆ ಬೋಳು ಬೆನ್ನಿನ ಪಕ್ಕ ಒಂದು ಆಳು ಕೂರುವಷ್ಟು ಖಾಲಿ ನೆಲ. ‘ಆ ಕಡೆ ನೋಡಿ, ಆ ಕಡೆ, ಬಂತು’ ಎಂದು ಅನಂತಮತಿ ಕೂಗಿದರು. ಅವನು ಟವೆಲು ಬೀಸಿಕೊಂಡು ಓಡಿದ. ಕಾಲ ಬಳಿ ಹುಳಗಳು ಒಂದೊಂದಾಗಿ ತಲೆ ತೂರಿಸಿ, ಮೈ ಹಿಂಡಿಕೊಂಡು, ಮಣ್ಣಿನೊಳಗೆ ಇಳಿಯುತ್ತಿದ್ದವು. ಇನ್ನೂ ಹತ್ತು ಹದಿನೈದು ಮೇಲೆಯೇ ಇದ್ದವು. ಅವೂ ಇಳಿಯುವ ತನಕ ಇಬ್ಬರೂ ಅಲ್ಲೇ ನಿಂತಿದ್ದರು.